ಗೂಗಲ್ ಜಾಹೀರಾತಿಗೆ ದುಡ್ಡು ಹಾಕ್ತೀರಾ? ಸುಳ್ಳು ಕ್ಲಿಕ್ ಬಗ್ಗೆ ತಿಳ್ಕೊಳ್ಳಿ

ಮೊಬೈಲ್‌ನಲ್ಲಿ 'ಹತ್ತಿರದ ಫರ್ನಿಚರ್ ಅಂಗಡಿ' ಅಂತ ಹುಡುಕಿದರೆ ಮೇಲೆ ಬರುವ ಒಂದೆರಡು ಹೆಸರು ಎಷ್ಟೋ ಸಲ ಜಾಹೀರಾತೇ ಆಗಿರುತ್ತವೆ. ಯಾರಾದರೂ ಅದನ್ನು ಒತ್ತಿದರೆ ಮಾತ್ರ ಅಂಗಡಿಯವರ ಖಾತೆಯಿಂದ ಹಣ ಹೋಗುತ್ತದೆ. ಇದೇ 'ಪೇ ಪರ್ ಕ್ಲಿಕ್'. ನೋಡಿ ಸುಮ್ಮನೆ ಹೋದವರಿಗೆ ಕಾಸು ಕೊಡಬೇಕಿಲ್ಲ. ಲೆಕ್ಕ ಚೆನ್ನಾಗಿಯೇ ಇದೆ. ತೊಂದರೆ ಏನಂದ್ರೆ, ಒತ್ತಿದವರು ಗಿರಾಕಿಯೇ ಆಗಿರಬೇಕೆಂದಿಲ್ಲ.

ದಿನಕ್ಕೆ 200 ರೂಪಾಯಿ ಮಿತಿ, ಕ್ಲಿಕ್‌ಗೆ 10 ರೂಪಾಯಿ ಎಂದಿಟ್ಟುಕೊಳ್ಳಿ. ಎದುರು ಅಂಗಡಿಯವರ ಕಡೆಯವರು ಬೇರೆ ಬೇರೆ ಮೊಬೈಲ್‌ನಿಂದ 20 ಸಲ ಒತ್ತಿ, ಅದು ಗೂಗಲ್ ಕಣ್ಣು ತಪ್ಪಿಸಿದರೆ ಮುಗೀತು. ಸಂಜೆ ವ್ಯಾಪಾರದ ಹೊತ್ತಿಗೆ ನಿಮ್ಮ ಜಾಹೀರಾತೇ ಇರಲ್ಲ. ಇನ್ನೊಂದು ಬಗೆ ಇದಕ್ಕಿಂತ ದೊಡ್ಡದು. ಜಾಹೀರಾತು ಹಾಕಿಕೊಳ್ಳುವ ವೆಬ್‌ಸೈಟ್, ಆ್ಯಪ್‌ಗಳಿಗೆ ಪ್ರತಿ ಕ್ಲಿಕ್‌ನಲ್ಲೂ ಪಾಲು ಸಿಗುತ್ತದೆ. ಆ ಪಾಲಿನ ಆಸೆಗೆ ಕೆಲವರು ಕೂಲಿ ಕೊಟ್ಟು ಒತ್ತಿಸುತ್ತಾರೆ, ಇಲ್ಲವೇ 'ಬಾಟ್' ಎಂಬ ಪ್ರೋಗ್ರಾಂ ಬಿಡುತ್ತಾರೆ.

ಇದು ಹೊಸದೇನಲ್ಲ. ನಮ್ಮ ದೇಶದಲ್ಲಿ ಮನೆಯಲ್ಲಿ ಕೂತು ಜಾಹೀರಾತು ಒತ್ತಿ ಸಂಪಾದಿಸುವವರ ಬಗ್ಗೆ ಟೈಮ್ಸ್ ಆಫ್ ಇಂಡಿಯಾ 2004ರಲ್ಲೇ ಬರೆದಿತ್ತು. 2011ರಲ್ಲಿ ಅಮೆರಿಕದ ಎಫ್‌ಬಿಐ ಬಯಲು ಮಾಡಿದ ಎಸ್ಟೋನಿಯಾದ ಜಾಲವೊಂದು ವೈರಸ್ ಮೂಲಕ ಸುಮಾರು 40 ಲಕ್ಷ ಕಂಪ್ಯೂಟರ್‌ಗಳ ದಾರಿ ತಿರುಗಿಸಿ 1.4 ಕೋಟಿ ಡಾಲರ್ ಮಾಡಿಕೊಂಡಿತ್ತು.

ಗೂಗಲನ್ನು ಕೋರ್ಟಿಗೆ ಎಳೆದದ್ದೂ ಒಂದು ಗಿಫ್ಟ್ ಅಂಗಡಿಯೇ. ಅಮೆರಿಕದ ಅರ್ಕಾನ್ಸಾಸ್ ರಾಜ್ಯದ 'ಲೇನ್ಸ್ ಗಿಫ್ಟ್ಸ್' 2005ರಲ್ಲಿ ಹೂಡಿದ ದಾವೆ ಮರುವರ್ಷ 9 ಕೋಟಿ ಡಾಲರ್‌ಗೆ ರಾಜಿಯಾಯ್ತು. ಅದರಲ್ಲಿ 3 ಕೋಟಿಯವರೆಗೆ ವಕೀಲರ ಫೀಸು! ಜಾಹೀರಾತುದಾರರಿಗೆ ಸಿಕ್ಕಿದ್ದು ನಗದಲ್ಲ, ಮುಂದಿನ ಜಾಹೀರಾತಿಗೆ ವಜಾ ಆಗುವ ಕ್ರೆಡಿಟ್.

ಈಗ ಗೂಗಲ್ ಅನುಮಾನ ಬಂದ ಕ್ಲಿಕ್‌ಗಳನ್ನು ತಾನೇ ಸೋಸಿ ಹಣ ಹಾಕುವುದಿಲ್ಲ. ಆಮೇಲೆ ಸಿಕ್ಕಿಬಿದ್ದರೆ ಖಾತೆಗೆ ಜಮಾ ಮಾಡುತ್ತದೆ. ಆದರೆ ಸೋಸುವವರೂ ಬಿಲ್ ಮಾಡುವವರೂ ಒಬ್ಬರೇ ಎನ್ನುವುದು ಹಳೇ ತಕರಾರು. ಕ್ಲಿಕ್ ಬದಲು ಫೋನ್ ಕರೆ, ಆರ್ಡರ್ ಲೆಕ್ಕದಲ್ಲಿ ಜಾಹೀರಾತು ಓಡಿಸುವ ಕಡೆಗೆ ವ್ಯವಹಾರ ವಾಲುತ್ತಿದೆ. ಅಲ್ಲೂ ಸುಳ್ಳು ನಂಬರ್ ತುಂಬಿ ಹೋಗುವವರಿದ್ದಾರೆ, ಬಿಡಿ.

ಜಾಹೀರಾತು ಹಾಕುವವರು ಮೊದಲು ಮಾಡಬೇಕಾದ್ದು ಊರಿನ ಸೆಟ್ಟಿಂಗ್ ನೋಡುವುದು. ನಿಮ್ಮ ತಾಲ್ಲೂಕಿನ ಬಗ್ಗೆ ಬರೀ 'ಆಸಕ್ತಿ' ಇರುವ ದೂರದವರನ್ನೂ ಗೂಗಲ್ ಸೇರಿಸಿಕೊಂಡಿರಬಹುದು. ಅಲ್ಲೇ ಇರುವವರಿಗೆ ಮಾತ್ರ ಎಂದು ಬದಲಿಸಿ. 'ಡಿಸ್‌ಪ್ಲೇ ನೆಟ್‌ವರ್ಕ್', 'ಸರ್ಚ್ ಪಾರ್ಟ್‌ನರ್ಸ್' ಬೇಡವೆಂದರೆ ಟಿಕ್ ತೆಗೆಯಿರಿ. ವರದಿಯಲ್ಲಿ 'ಇನ್‌ವ್ಯಾಲಿಡ್ ಕ್ಲಿಕ್ಸ್' ಕಾಲಂ ಹಾಕಿಕೊಳ್ಳಬಹುದು. ಕ್ಲಿಕ್ ಏರಿದರೂ ಫೋನೇ ಬಾರದಿದ್ದರೆ ತಾರೀಕು, ಹೊತ್ತು ಬರೆದಿಟ್ಟುಕೊಂಡು ಗೂಗಲ್‌ಗೆ ದೂರು ಕೊಡಿ. ಏಜೆನ್ಸಿಗೆ ವಹಿಸಿದ್ದರೆ ಖಾತೆಯ ಲಾಗಿನ್ ನಿಮ್ಮ ಹತ್ತಿರವೂ ಇರಲಿ.

'ಲೈಕ್ ಒತ್ತಿ, ದಿನಕ್ಕೆ ಸಾವಿರ ದುಡಿಯಿರಿ' ಎಂಬ ವಾಟ್ಸ್‌ಆ್ಯಪ್ ಮೆಸೇಜ್ ಬೇರೆಯದೇ ಮೋಸ. ಮೊದಲು ನೂರಿನ್ನೂರು ಕೊಟ್ಟು ಆಮೇಲೆ 'ಡಿಪಾಸಿಟ್' ಕೇಳ್ತಾರೆ. ಹಣ ಕಟ್ಟಿಬಿಟ್ಟಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.