ಟೆನೆಸ್ಸಿಯಿಂದ ಹೆಬ್ಬಾಳಕ್ಕೆ

ಬೆಂಗಳೂರಿನ ಜಿಕೆವಿಕೆಯಲ್ಲಿ ನಡೆಯೋ ಕೃಷಿಮೇಳಕ್ಕೆ ನಿಮ್ಮಲ್ಲಿ ಎಷ್ಟೋ ಜನ ಹೋಗಿರ್ತೀರಿ. ಹೊಸ ತಳಿ ನೋಡಿ, ನಾಲ್ಕು ಸಸಿ ಕೊಂಡು, ಮುದ್ದೆ ಊಟ ಮುಗಿಸಿ ಬಂದಿರ್ತೀರಿ. ಆ ವಿಶ್ವವಿದ್ಯಾಲಯದ ನಕ್ಷೆ ಅಮೆರಿಕದಿಂದ ಬಂದದ್ದು ಅಂದರೆ ಮಾತ್ರ ಹೆಚ್ಚಿನವರು ಹುಬ್ಬೇರಿಸುತ್ತಾರೆ. ಕಟ್ಟಡದ ನಕ್ಷೆ ಅಲ್ಲ, ಯಾರು ಪಾಠ ಮಾಡಬೇಕು, ಯಾರು ಸಂಶೋಧನೆ ಮಾಡಬೇಕು, ಅದನ್ನು ರೈತನ ಹೊಲಕ್ಕೆ ಯಾರು ಮುಟ್ಟಿಸಬೇಕು ಅನ್ನೋ ವ್ಯವಸ್ಥೆಯ ನಕ್ಷೆ.

ಈಗ ಪೇಪರಿನಲ್ಲಿ ಆಗಾಗ ಒಂದು ಫೋಟೋ ಬರುತ್ತಲ್ಲ, ನಮ್ಮ ಕುಲಪತಿಗಳು ಮತ್ತು ಯಾವುದೋ ವಿದೇಶಿ ವಿ.ವಿ.ಯವರು ಫೈಲು ಹಿಡಿದು ನಿಂತಿರೋದು? ಶಾಲು, ಹಾರ, ಕೆಳಗೆ ‘ಸುಸ್ಥಿರ ಅಭಿವೃದ್ಧಿಗಾಗಿ ಒಡಂಬಡಿಕೆ’ ಅನ್ನೋ ಸಾಲು. ಆಮೇಲೆ ಅದು ಏನಾಯ್ತು ಅಂತ ಯಾರೂ ಬರೆಯೋದಿಲ್ಲ. ಹಾಗಾಗಿ ಆಮೇಲೆ ಏನಾಯ್ತು ಅಂತ ಗೊತ್ತಿರೋ ಒಂದು ಹಳೇ ಒಡಂಬಡಿಕೆಯ ಕಥೆ ಹೇಳ್ತೀನಿ.

ಇದರ ಬೇರು ಇರೋದು 1862ರಲ್ಲಿ. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗಲೇ ಲಿಂಕನ್ ಮಾರಿಲ್ ಕಾಯ್ದೆಗೆ ಸಹಿ ಹಾಕಿದ. ಸಂಸತ್ತಿನಲ್ಲಿ ಒಂದು ರಾಜ್ಯಕ್ಕೆ ಎಷ್ಟು ಸದಸ್ಯರೋ ತಲಾ 30,000 ಎಕರೆ ಲೆಕ್ಕದಲ್ಲಿ ಆ ರಾಜ್ಯಕ್ಕೆ ಸರ್ಕಾರಿ ಜಮೀನು. ಅದನ್ನು ಮಾರಿ ಬಂದ ದುಡ್ಡಿನಲ್ಲಿ ಬೇಸಾಯ, ಎಂಜಿನಿಯರಿಂಗ್ ಕಲಿಸೋ ಕಾಲೇಜು. (ಆ ‘ಸರ್ಕಾರಿ’ ಜಮೀನು ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು. ಅದನ್ನು ಮರೆಯೋದು ಬೇಡ.) 1887ರಲ್ಲಿ ಇದಕ್ಕೆ ಸಂಶೋಧನಾ ಕೇಂದ್ರಗಳು ಸೇರಿದವು, 1914ರಲ್ಲಿ ವಿಸ್ತರಣೆ, ಅಂದರೆ ಗೊತ್ತಾದದ್ದನ್ನು ರೈತರಿಗೆ ಹೇಳೋ ಕೆಲಸ. ಹೀಗೆ ಒಂದೇ ಸಂಸ್ಥೆಗೆ ಮೂರು ಕಾಲು ಬಂತು.

ಸ್ವಾತಂತ್ರ್ಯ ಬಂದಾಗ ನಮ್ಮಲ್ಲಿ ಹೀಗಿರಲಿಲ್ಲ. ಕೃಷಿ ಕಾಲೇಜು ಯಾವುದೋ ಸಾಮಾನ್ಯ ವಿ.ವಿ.ಯ ಬಾಲ. ಸಂಶೋಧನೆ ಸರ್ಕಾರಿ ಇಲಾಖೆಯದು. ಪಾಠ ಹೇಳೋ ಮೇಷ್ಟ್ರಿಗೂ ಹೊಲಕ್ಕೂ ಸಂಬಂಧ ಕಡಿಮೆ. 1952ರ ಭಾರತ-ಅಮೆರಿಕ ತಾಂತ್ರಿಕ ಸಹಕಾರ ಒಪ್ಪಂದದ ನಂತರ ಎರಡೂ ದೇಶದ ತಜ್ಞರ ಜಂಟಿ ತಂಡಗಳು ಇದನ್ನೆಲ್ಲ ನೋಡಿ, ರಾಜ್ಯಕ್ಕೊಂದು ಕೃಷಿ ವಿ.ವಿ. ಬೇಕು ಅಂದವು. ಅಮೆರಿಕದ ವಿ.ವಿ.ಗಳು ಭಾರತವನ್ನು ಹಂಚಿಕೊಂಡವು: ಇಲಿನಾಯ್, ಓಹಾಯೋ, ಮಿಸೌರಿ, ಕಾನ್ಸಾಸ್ ಅಂತ ಒಂದೊಂದಕ್ಕೆ ಒಂದೊಂದು ಸೀಮೆ. ನಮ್ಮ ಮೈಸೂರು, ಪಕ್ಕದ ಮದ್ರಾಸು ಟೆನೆಸ್ಸಿಯ ಪಾಲಿಗೆ. ಮೊದಲು ಶುರುವಾದದ್ದು 1960ರಲ್ಲಿ ಪಂತನಗರ. 1964ರಲ್ಲಿ ಬೆಂಗಳೂರು ಕೃಷಿ ವಿ.ವಿ. ಬಂತು. ಮೊದಲ ಕುಲಪತಿ ಡಾ. ಕೆ.ಸಿ. ನಾಯಕ್. ಅಲ್ಲಿಯವರು ಇಲ್ಲಿಗೆ ಬಂದರು, ಇಲ್ಲಿಯ ಮೇಷ್ಟ್ರುಗಳು ಓದಲು ಅಲ್ಲಿಗೆ ಹೋದರು.

ಹೆಬ್ಬಾಳ ಅವರು ಬರೋ ಮೊದಲು ಬರೀ ಬಯಲಾಗಿತ್ತು ಅಂದುಕೊಂಡರೆ ತಪ್ಪು. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲೇ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದಿದ್ದರು. ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಕೊಳೆರೋಗ ಬಿದ್ದರೆ ಮಲೆನಾಡಿನ ಮನೆಗಳ ವರ್ಷದ ಆದಾಯವೇ ನೆಲಕ್ಕೆ ಉದುರುತ್ತಿತ್ತು. ಕೋಲ್ಮನ್ ತೋಟಗಳಿಗೇ ಹೋಗಿ ರೋಗಾಣುವನ್ನು ಗುರುತಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯೋದನ್ನು ತೋರಿಸಿಕೊಟ್ಟರು. ಫ್ರಾನ್ಸಿನ ದ್ರಾಕ್ಷಿತೋಟದ ಔಷಧಿ ಅದು. ಮಲೆನಾಡಿನಲ್ಲಿ ಇವತ್ತಿಗೂ ಮಳೆ ಹಿಡಿಯೋ ಮುಂಚೆ ಮರ ಹತ್ತಿ ಅದನ್ನೇ ಹೊಡೀತಾರೆ. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾದದ್ದೂ ಅವರಿಂದಲೇ. ಮೂರು ಕಾಲಿನ ಕೆಲಸವನ್ನು ಒಬ್ಬ ಮನುಷ್ಯ ಯಾವ ಒಡಂಬಡಿಕೆಯೂ ಇಲ್ಲದೆ ಮಾಡಿದ್ದ.

ಸರಿ, 1964ರ ನಂತರ ಆ ಮೂರು ಕಾಲು ಏನಾದವು? ಪಾಠ, ಸಂಶೋಧನೆ ಒಂದೇ ಸೂರಿನಡಿ ಬಂದವು, ಚೆನ್ನಾಗಿಯೇ ಬಂದವು. ಮೂರನೆಯದು ಕುಂಟಿತು. ಅಮೆರಿಕದಲ್ಲಿ ವಿಸ್ತರಣೆ ವಿ.ವಿ.ಯ ಕೆಲಸ, ಇಲ್ಲಿ ರಾಜ್ಯದ ಕೃಷಿ ಇಲಾಖೆ ಅದನ್ನು ಬಿಟ್ಟುಕೊಡಲಿಲ್ಲ. ಇಲಾಖೆಯನ್ನು ಪೂರ್ತಿ ಬೈಯುವಂತೆಯೂ ಇಲ್ಲ. ಗೊಬ್ಬರ, ಬಿತ್ತನೆ ಬೀಜ, ಹಳ್ಳಿಹಳ್ಳಿಯ ನೌಕರರು ಎಲ್ಲ ಅವರ ಕೈಲೇ ಇದ್ದರು. ಆದರೆ ಹೊಲದಲ್ಲಿ ರೈತ ಕೇಳೋ ಪ್ರಶ್ನೆ ಪ್ರಯೋಗಶಾಲೆಗೆ ವಾಪಸ್ ಬರೋ ದಾರಿಯೂ ಅದೇ ಕಾಲು! ಇಡೀ ನಕ್ಷೆಯ ಜೀವ ಅಲ್ಲಿತ್ತು ಅಂತ ನನಗೆ ಅನ್ನಿಸುತ್ತೆ. 1974ರಿಂದ ಬಂದ ಕೃಷಿ ವಿಜ್ಞಾನ ಕೇಂದ್ರಗಳು ಆ ಕೊರತೆಯನ್ನು ಸ್ವಲ್ಪ ತುಂಬಿದವು, ಸ್ವಲ್ಪವೇ.

ಇನ್ನು ರಾಗಿ. ಟೆನೆಸ್ಸಿಯವರಿಗೆ ರಾಗಿ ಬಗ್ಗೆ ಏನು ತಾನೇ ಗೊತ್ತಿರಲು ಸಾಧ್ಯ? ಅದಕ್ಕೆ ಉತ್ತರ ಬೇರೆ ಖಂಡದಿಂದ ಬಂತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು 1950ರ ದಶಕದಿಂದಲೇ ರಾಗಿಯ ಬೆನ್ನು ಹತ್ತಿದ್ದರು. ರಾಗಿ ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು, ತನ್ನ ಪರಾಗದಿಂದ ತಾನೇ ಕಾಳು ಕಟ್ಟುವಂಥದು. ಅದರಲ್ಲಿ ಅಡ್ಡತಳಿ ಮಾಡೋದು ಅಂದರೆ ದಿನಗಟ್ಟಲೆ ಬಗ್ಗಿ ಕೂರೋ ಕೆಲಸ. ಅವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿದರು. ರಾಗಿಯ ತವರು ಪೂರ್ವ ಆಫ್ರಿಕಾನೇ ಅಲ್ಲವೇ, ಒಂದು ಥರಾ ಸೋದರಸಂಬಂಧ :) ಆ ತಳಿಗಳ ಹೆಸರು ‘ಇಂಡಾಫ್’. ಇಂಡಿಯಾ ಮತ್ತು ಆಫ್ರಿಕಾ ಸೇರಿಸಿ ಇಟ್ಟದ್ದು. ಹಳೇ ಮೈಸೂರಿನ ಒಣಭೂಮಿಯಲ್ಲಿ ರಾಗಿ ಇಳುವರಿ ಏರಿದ್ದರಲ್ಲಿ ಅವರ ತಳಿಗಳದ್ದು ದೊಡ್ಡ ಪಾಲು. ಜನ ಅವರನ್ನು ರಾಗಿ ಬ್ರಹ್ಮ ಅಂದರು.

1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ದೆಹಲಿಗೂ ವಾಷಿಂಗ್ಟನ್ನಿಗೂ ಹಳಸಿತು. ಆ ವರ್ಷಗಳಲ್ಲೇ ಈ ವಿ.ವಿ. ಒಪ್ಪಂದಗಳೂ ಮುಗಿದವು, ಅಮೆರಿಕದ ಪ್ರೊಫೆಸರುಗಳು ಗಂಟುಮೂಟೆ ಕಟ್ಟಿದರು. ವಿ.ವಿ. ನಿಲ್ಲಲಿಲ್ಲ. 1986ರಲ್ಲಿ ಅದರಿಂದಲೇ ಧಾರವಾಡದ ಕೃಷಿ ವಿ.ವಿ. ಕವಲೊಡೆಯಿತು, ಆಮೇಲೆ ರಾಯಚೂರು, ಶಿವಮೊಗ್ಗ.

ಲಕ್ಷ್ಮಣಯ್ಯನವರು 1993ರಲ್ಲಿ ತೀರಿಕೊಂಡರು. ಮಂಡ್ಯ, ಮೈಸೂರು ಕಡೆಯ ಬ್ಲಾಗಿಗರೇ, ನಿಮ್ಮ ಮನೆಯ ಹಿರಿಯರು ಇಂಡಾಫ್ ಮೊದಲ ಸಲ ಬಿತ್ತಿದ್ದು ಯಾವಾಗ, ಬೀಜ ಕೈಗೆ ಬಂದದ್ದು ಇಲಾಖೆಯಿಂದಲೋ, ಫಾರಂನಿಂದಲೋ, ಪಕ್ಕದ ಹೊಲದವರಿಂದಲೋ, ಕೇಳಿ ಬರೆಯಿರಿ. ನನಗಂತೂ ಪಕ್ಕದ ಹೊಲದವರ ಮೇಲೇ ಅನುಮಾನ.