ಒಂದೇ ಬೀದಿಯ ಕಾಯಿಲೆ ಮತ್ತು ಅಪರಾಧ: ಡು ಬಾಯ್ಸ್ ಸಂಶೋಧನೆಯ ಪ್ರಭಾವ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಅಮೆರಿಕದ ಕಪ್ಪು ಜನರ ಮರಣ ಪ್ರಮಾಣವೂ ಅವರಲ್ಲಿ ಜೈಲು ಸೇರುವವರ ಪ್ರಮಾಣವೂ ಬಿಳಿಯರಿಗಿಂತ ಹೆಚ್ಚಾಗಿದ್ದವು. ಇದಕ್ಕೆ ಕಾರಣ ಜನಾಂಗದ ಹುಟ್ಟುಗುಣವೆಂದೇ ಅಲ್ಲಿನ ಅನೇಕ ವಿದ್ವಾಂಸರು ನಂಬಿದ್ದರು. ಪ್ರುಡೆನ್ಷಿಯಲ್ ವಿಮಾ ಕಂಪನಿಯ ಸಂಖ್ಯಾಶಾಸ್ತ್ರಜ್ಞ ಫ್ರೆಡರಿಕ್ ಹಾಫ್‌ಮನ್ 1896ರಲ್ಲಿ ಹೊರತಂದ ಗ್ರಂಥವು ಈ ನಂಬಿಕೆಗೆ ಅಂಕಿ ಅಂಶಗಳ ಬಲ ಕೊಟ್ಟು, ಕಪ್ಪು ಜನಾಂಗವು ಅವನತಿಯತ್ತ ಸಾಗಿದೆಯೆಂದು ಸಾರಿತು. ಅದೇ ವರ್ಷ ಫಿಲಡೆಲ್ಫಿಯಾದಲ್ಲಿ ಕ್ಷೇತ್ರಕಾರ್ಯ ಆರಂಭಿಸಿದ ಸಮಾಜಶಾಸ್ತ್ರಜ್ಞ ಡಬ್ಲ್ಯು.ಇ.ಬಿ. ಡು ಬಾಯ್ಸ್ (1868–1963) ಈ ಪ್ರಶ್ನೆಗೆ ಉತ್ತರವನ್ನು ಜನರ ರಕ್ತದಲ್ಲಿ ಹುಡುಕದೆ ಅವರ ಮನೆಗಳಲ್ಲಿ, ಕೂಲಿಯಲ್ಲಿ ಮತ್ತು ಚರಿತ್ರೆಯಲ್ಲಿ ಹುಡುಕಿದರು.

ಹಾರ್ವರ್ಡ್ ವಿಶ್ವವಿದ್ಯಾಲಯದಿಂದ 1895ರಲ್ಲಿ ಡಾಕ್ಟರೇಟ್ ಪಡೆದ ಮೊದಲ ಕಪ್ಪು ವಿದ್ವಾಂಸರಾಗಿದ್ದರೂ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅವರಿಗೆ ದೊರೆತದ್ದು ಬೋಧನೆಯ ಹೊಣೆಯಿಲ್ಲದ ಒಂದು ತಾತ್ಕಾಲಿಕ ಸಹಾಯಕ ಹುದ್ದೆ ಮಾತ್ರ. ಆಗಷ್ಟೇ ಮದುವೆಯಾಗಿದ್ದ ಅವರು ಪತ್ನಿಯೊಡನೆ ಕಪ್ಪು ಜನರ ದೊಡ್ಡ ನೆಲೆಯಾಗಿದ್ದ ನಗರದ ಏಳನೆಯ ವಾರ್ಡಿನ ಅಂಚಿನಲ್ಲೇ ಬಿಡಾರ ಹೂಡಿ, ಪ್ರಶ್ನಾವಳಿ ಹಿಡಿದು ಮನೆಮನೆಗೆ ಸ್ವತಃ ಹೋದರು. ಕುಟುಂಬದ ಗಾತ್ರ, ಕಸುಬು, ಬಾಡಿಗೆ, ಓದು, ಆರೋಗ್ಯ ಎಲ್ಲವನ್ನೂ ಬರೆದುಕೊಂಡು, ಪ್ರತಿ ಮನೆಯನ್ನೂ ಅದರ ಆರ್ಥಿಕ ಸಾಮಾಜಿಕ ಸ್ಥಿತಿಗೆ ತಕ್ಕಂತೆ ನಕ್ಷೆಯ ಮೇಲೆ ಬಣ್ಣಗಳಿಂದ ಗುರುತಿಸಿದರು. ಈ ಶ್ರಮದ ಫಲವೇ 1899ರ ‘ದಿ ಫಿಲಡೆಲ್ಫಿಯಾ ನೀಗ್ರೋ’.

ಆರೋಗ್ಯ ಅಸಮಾನತೆ, ಎಂದರೆ ಸಾಮಾಜಿಕ ಸ್ಥಾನದಿಂದಾಗಿ ಜನವರ್ಗಗಳ ನಡುವೆ ಕಾಯಿಲೆ ಮತ್ತು ಆಯುಸ್ಸಿನಲ್ಲಿ ಉಂಟಾಗುವ ಅಂತರ, ಇಂದು ಒಂದು ಅಧ್ಯಯನ ಕ್ಷೇತ್ರವೇ ಆಗಿದೆ. ಅದರ ವಿಧಾನವು ಈ ಗ್ರಂಥದಲ್ಲಿ ಆಗಲೇ ಕಾಣುತ್ತದೆ. ಸಮೀಕ್ಷೆಗೆ ಒಳಗಾದ 2441 ಕುಟುಂಬಗಳಲ್ಲಿ ಬಚ್ಚಲುಮನೆ ಮತ್ತು ನೀರಿನ ಶೌಚಾಲಯದ ಅನುಕೂಲವಿದ್ದವು 334 ಮಾತ್ರ. ನಗರದಲ್ಲೇ ನೈರ್ಮಲ್ಯ ತೀರ ಹದಗೆಟ್ಟಿದ್ದ ಐದನೆಯ ವಾರ್ಡಿನಲ್ಲಿ ಕಪ್ಪು ಜನರ ಸಾವು ವಿಪರೀತವಾಗಿದ್ದು, ಒಳ್ಳೆಯ ಮನೆಗಳೂ ಸ್ವಚ್ಛ ಬೀದಿಗಳೂ ಇದ್ದ ಮೂವತ್ತನೆಯ ವಾರ್ಡಿನಲ್ಲಿ ಅದೇ ಜನಾಂಗದವರ ಮರಣ ಪ್ರಮಾಣ ಬಹಳ ಕಡಿಮೆಯಿತ್ತು. ಜನಾಂಗ ಒಂದೇ ಆಗಿದ್ದು ಬೀದಿ ಬದಲಾದೊಡನೆ ಸಾವಿನ ಲೆಕ್ಕವೂ ಬದಲಾಗುವುದಾದರೆ ಹುಟ್ಟುಗುಣದ ವಾದ ನಿಲ್ಲುವುದಿಲ್ಲ. ಇಡೀ ಗ್ರಂಥದಲ್ಲಿ ಇದಕ್ಕಿಂತ ಗಟ್ಟಿಯಾದ ಹೋಲಿಕೆ ಇನ್ನೊಂದಿಲ್ಲ.

ಅಪರಾಧದ ವಿಚಾರದಲ್ಲಿ ಅವರು ಜೈಲಿನ ದಾಖಲೆಗಳನ್ನು ಪರಿಶೀಲಿಸಿದರಾದರೂ ಆ ಅಂಕಿಗಳನ್ನು ಬಂದಂತೆ ಒಪ್ಪಿಕೊಳ್ಳಲಿಲ್ಲ. ಗುಲಾಮಗಿರಿಯ ಪರಿಣಾಮ, ದಕ್ಷಿಣದಿಂದ ನಗರಕ್ಕೆ ಬಂದ ವಲಸೆ, ಓದಿದವರಿಗೂ ತಕ್ಕ ಕೆಲಸ ಕೊಡದ ವರ್ಣಭೇದ, ಇವೆಲ್ಲ ಕೂಡಿ ಅಪರಾಧವನ್ನು ಬೆಳೆಸುತ್ತವೆಂದು ವಾದಿಸಿದರು. ಆದರೂ ಬಡವರ ನಡತೆಯನ್ನು ಕುರಿತು ಗ್ರಂಥದ ಕೆಲವು ಪುಟಗಳು ಕಟುವಾಗಿವೆ. ಅತ್ಯಂತ ಕೆಳಸ್ತರವನ್ನು ದುಷ್ಟ ಮತ್ತು ಅಪರಾಧಿ ವರ್ಗವೆಂದು ಹೆಸರಿಸಿದ್ದು ಅವರದೇ ವಾದವನ್ನು ದುರ್ಬಲಗೊಳಿಸುತ್ತದೆ.

ಮುಂದೆ ಅವರು ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ಕಳೆದ ವರ್ಷಗಳಲ್ಲಿ ಈ ಕಟುತನ ಕಡಿಮೆಯಾದಂತೆ ತೋರುತ್ತದೆ. 1901ರ ಪ್ರಬಂಧವೊಂದರಲ್ಲಿ ಅವರು ಕೈದಿಗಳ ಗುತ್ತಿಗೆ ಪದ್ಧತಿಯನ್ನು ಪರಿಶೀಲಿಸಿದರು. ದಕ್ಷಿಣದ ರಾಜ್ಯಗಳು ಕೈದಿಗಳನ್ನು ಗಣಿ, ತೋಟ, ರೈಲುಮಾರ್ಗಗಳ ಖಾಸಗಿ ಮಾಲೀಕರಿಗೆ ಬಾಡಿಗೆಗೆ ಕೊಟ್ಟು ಹಣ ಗಳಿಸುತ್ತಿದ್ದ ಈ ಪದ್ಧತಿಯಲ್ಲಿ ನ್ಯಾಯಾಲಯವೇ ಕೂಲಿಯಾಳುಗಳನ್ನು ಒದಗಿಸುವ ಸಾಧನವಾಗುತ್ತಿತ್ತೆಂದೂ, ಹೀಗಾಗಿ ಅಪರಾಧದ ಅಂಕಿಗಳಲ್ಲಿ ರಾಜ್ಯದ ಲಾಭವೂ ಅಡಗಿದೆಯೆಂದೂ ಅವರು ತೋರಿಸಿದರು. ಅಟ್ಲಾಂಟಾ ವಿಶ್ವವಿದ್ಯಾಲಯದ ವಾರ್ಷಿಕ ಸಮ್ಮೇಳನಗಳಿಂದ 1904ರಲ್ಲಿ ಅಪರಾಧದ ಬಗೆಗೂ 1906ರಲ್ಲಿ ಆರೋಗ್ಯ ಮತ್ತು ದೇಹಸ್ಥಿತಿಯ ಬಗೆಗೂ ವರದಿಗಳು ಹೊರಬಂದವು. ಮರಣ ಪ್ರಮಾಣದ ಅಂತರಕ್ಕೆ ಬದುಕಿನ ಪರಿಸ್ಥಿತಿಯೇ ಸಾಕಷ್ಟು ವಿವರಣೆಯೆಂಬುದು ಎರಡನೆಯದರ ನಿಲುವಾಗಿತ್ತು.

ಮುಂದಿನ ತಲೆಮಾರಿನಲ್ಲಿ ಷಿಕಾಗೋದ ಸಮಾಜಶಾಸ್ತ್ರಜ್ಞರಾದ ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ 1942ರ ತಮ್ಮ ಗ್ರಂಥದಲ್ಲಿ ಬಾಲಾಪರಾಧ, ಶಿಶುಮರಣ, ಕ್ಷಯ ಇವು ಮೂರೂ ಒಂದೇ ಬಡಾವಣೆಗಳಲ್ಲಿ ಒತ್ತಾಗಿರುವುದನ್ನು ಗುರುತಿಸಿದರು. ವಾಸಸ್ಥಳವನ್ನೇ ಕಾರಣವಾಗಿ ನೋಡುವ ದೃಷ್ಟಿಯ ಕೀರ್ತಿ ಬಹುಕಾಲ ಈ ಷಿಕಾಗೋ ಸಮಾಜಶಾಸ್ತ್ರ ಪಂಥಕ್ಕೇ ಸಂದು ಡು ಬಾಯ್ಸ್ ಹೆಸರು ಮರೆಯಲ್ಲಿ ಉಳಿದದ್ದು ವಿದ್ವತ್ತಿನ ಅನ್ಯಾಯವೇ ಸರಿ. ಸಮಾಜಶಾಸ್ತ್ರಜ್ಞ ಆಲ್ಡನ್ ಮಾರಿಸ್ 2015ರ ತಮ್ಮ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ನಿರೂಪಿಸಿದ್ದಾರೆ. ಸಮಾಜಶಾಸ್ತ್ರಜ್ಞರಾದ ರಾಬರ್ಟ್ ಸ್ಯಾಂಪ್ಸನ್ ಮತ್ತು ವಿಲಿಯಂ ಜೂಲಿಯಸ್ ವಿಲ್ಸನ್ 1995ರಲ್ಲಿ, ಹಿಂಸೆಯ ಕಾರಣಗಳು ಕಪ್ಪು ಬಿಳಿಯರಿಬ್ಬರಿಗೂ ಒಂದೇ ಆಗಿದ್ದು ಅವರು ಬದುಕುವ ನೆರೆಹೊರೆಗಳು ಮಾತ್ರ ಬೇರೆಯೆಂದು ವಾದಿಸಿದಾಗ ಏಳನೆಯ ವಾರ್ಡಿನ ತರ್ಕವೇ ಹೊಸ ಪರಿಭಾಷೆಯಲ್ಲಿ ಮರಳಿ ಬಂದಿತ್ತು. 1906ರ ಆರೋಗ್ಯ ವರದಿಯ ಭಾಗವನ್ನು ಅಮೆರಿಕದ ಸಾರ್ವಜನಿಕ ಆರೋಗ್ಯ ಪತ್ರಿಕೆಯು 2003ರಲ್ಲಿ ಮರುಮುದ್ರಿಸಿತು; ಅಷ್ಟರಲ್ಲಿ ಆ ವರದಿಗೆ 97 ವರ್ಷ ತುಂಬಿತ್ತು.