ಬಂಧನದೊಳಗಿನ ಸಾಕ್ಷಿ

ಪೊಲೀಸ್ ಠಾಣೆ, ಜೈಲುಗಳ ಚಿತ್ರಹಿಂಸೆಯನ್ನು ಕೆಲವೇ ಕ್ರೂರಿಗಳ ತಲೆಗೆ ಕಟ್ಟಿ ಸುಮ್ಮನಾಗುವವರಿದ್ದಾರೆ. ಕೇರಳದ ಅರ್ಧ ಶತಮಾನದ ಚರಿತ್ರೆ ಅದನ್ನು ಒಪ್ಪುವುದಿಲ್ಲ. ಹೊಡೆದವರು, ಕಂಡವರು, ದಾಖಲೆ ಬರೆದವರು ಎಲ್ಲರೂ ಒಂದೇ ಇಲಾಖೆಯವರಾದಲ್ಲಿ ಹಿಂಸೆಗೆ ಆಸರೆ ಸಿಗುತ್ತದೆ. 1976ರ ಮಾರ್ಚ್ 1ರಂದು ಪೊಲೀಸರು ಹಿಡಿದೊಯ್ದ ಕಲ್ಲಿಕೋಟೆಯ ಇಂಜಿನಿಯರಿಂಗ್ ವಿದ್ಯಾರ್ಥಿ ರಾಜನ್ ಕಕ್ಕಯಂ ಪೊಲೀಸ್ ಶಿಬಿರದಿಂದ ಮರಳಲಿಲ್ಲ. ತುರ್ತುಪರಿಸ್ಥಿತಿ ಮುಗಿದೊಡನೆ ತಂದೆ ಈಚರ ವಾರಿಯರ್ ಕೊಚ್ಚಿಯ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅವನನ್ನು ಬಂಧಿಸಿಯೇ ಇಲ್ಲ ಎಂದಿತು ಸರ್ಕಾರ. ಆ ಸುಳ್ಳನ್ನು ಮುರಿದದ್ದು ಕಾಲೇಜಿನವರ ಸಾಕ್ಷ್ಯ, ಅಂದರೆ ಇಲಾಖೆಗೆ ಹೊರಗಿನವರ ಕಣ್ಣು. ಇದೇ ಪ್ರಕರಣದಿಂದಾಗಿ 1977ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಕೆ. ಕರುಣಾಕರನ್ ರಾಜೀನಾಮೆ ಕೊಟ್ಟರು. ಮಗನ ಶವ ಮಾತ್ರ ಆ ತಂದೆಗೆ ಸಿಗಲೇ ಇಲ್ಲ.

ಅದು ತುರ್ತುಪರಿಸ್ಥಿತಿಯ ಕಾಲ, ಅಪವಾದ ಎನ್ನಬಹುದು. ಆದರೆ ತಿರುವನಂತಪುರದ ಫೋರ್ಟ್ ಠಾಣೆಯ ಪೊಲೀಸರ ವಶದಲ್ಲಿ ಉದಯಕುಮಾರ್ ಸತ್ತದ್ದು 2005ರ ಸೆಪ್ಟೆಂಬರ್ 27ರಂದು, ಚುನಾಯಿತ ಸರ್ಕಾರದ ಸಾಮಾನ್ಯ ದಿನಗಳಲ್ಲಿ. ಶ್ರೀಕಂಠೇಶ್ವರಂ ಪಾರ್ಕಿನಿಂದ ಕರೆದೊಯ್ದಾಗ ಅವನ ಬಳಿ 4,020 ರೂಪಾಯಿ ಇತ್ತು. ಆ ಹಣವನ್ನು ಕಸಿದುಕೊಂಡು ತೊಡೆಗಳ ಮೇಲೆ ಕಬ್ಬಿಣದ ಪೈಪ್ ಉರುಳಿಸಿದರೆಂಬುದು ಆರೋಪ. ಲಂಚಕೋರತನವೂ ಹಿಂಸೆಯೂ ಬೇರೆ ಬೇರೆ ರೋಗಗಳೆಂದು ನಾನು ನಂಬಲಾರೆ. ಕೇಳುವವರಿಲ್ಲದ ಕೋಣೆಯಲ್ಲಿ ಒಂದು ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ. ತಾಯಿ ಪ್ರಭಾವತಿ ಅಮ್ಮ ವರ್ಷಗಟ್ಟಲೆ ಹೋರಾಡಿ ಸಿಬಿಐ ತನಿಖೆ ತಂದರು. 2018ರಲ್ಲಿ ಇಬ್ಬರು ಪೊಲೀಸರಿಗೆ ಮರಣದಂಡನೆಯಾಯಿತು. 2025ರ ಆಗಸ್ಟ್‌ನಲ್ಲಿ ಹೈಕೋರ್ಟ್ ತನಿಖೆಯ ಲೋಪಗಳನ್ನು ಎತ್ತಿ ತೋರಿಸಿ ಆರೋಪಿಗಳನ್ನು ಖುಲಾಸೆ ಮಾಡಿತು. ಹಾಗಾದರೆ ಹಿಂಸೆಯೇ ನಡೆದಿಲ್ಲವೆಂದೇ? ಒಬ್ಬ ಮನುಷ್ಯ ಪೊಲೀಸರ ವಶದಲ್ಲಿ ಸತ್ತ; ಇಪ್ಪತ್ತು ವರ್ಷವಾದರೂ ಅದಕ್ಕೆ ಹೊಣೆ ಯಾರೆಂದು ಸಾಬೀತುಪಡಿಸಲಾಗಲಿಲ್ಲ.

ಇದಕ್ಕೆ ಮದ್ದು ಎಲ್ಲಿದೆ ಎಂಬುದನ್ನು ಕೇರಳದವರೇ ಆದ ವಿ.ಆರ್. ಕೃಷ್ಣ ಅಯ್ಯರ್ ಗುರುತಿಸಿದ್ದರು. 1957ರ ಇಎಂಎಸ್ ಸಂಪುಟದಲ್ಲಿ ಮಂತ್ರಿಯಾಗಿದ್ದ ಅವರು, 1979ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ ತಿಹಾರ್ ಜೈಲಿನ ಕೈದಿ ಸುನಿಲ್ ಬಾತ್ರಾ ಬರೆದ ಕಾಗದವನ್ನೇ ಅರ್ಜಿಯಾಗಿ ಪರಿಗಣಿಸಿದರು. ಭೇಟಿಗೆ ಬರುವ ಬಂಧುಗಳಿಂದ ಹಣ ಸುಲಿಯಲು ವಾರ್ಡರ್ ಇನ್ನೊಬ್ಬ ಕೈದಿಯನ್ನು ಹಿಂಸಿಸಿದನೆಂಬ ದೂರು ಅದು. ನ್ಯಾಯಾಲಯ ನೇಮಿಸಿದ ವಕೀಲರು ಜೈಲಿನೊಳಗೆ ಹೋಗಬೇಕು, ದೂರು ಪೆಟ್ಟಿಗೆ ಇರಬೇಕು ಎಂದಿತು ತೀರ್ಪು. ಹೊರಗಿನವರು ಬಂದರೆ ಶಿಸ್ತು ಕೆಡುತ್ತದೆ ಎಂಬ ಆಕ್ಷೇಪ ಹಳೆಯದು. ಆದರೆ ಕದ್ದು ಹೊಡೆಯುವುದನ್ನು ಶಿಸ್ತೆಂದು ಯಾವ ಜೈಲು ಕಾನೂನೂ ಕರೆದಿಲ್ಲ. ಇಂದು ಠಾಣೆಗಳಲ್ಲಿ ಕ್ಯಾಮೆರಾಗಳಿವೆ. ಆದರೂ 2023ರಲ್ಲಿ ಕುನ್ನಂಕುಳಂ ಠಾಣೆಯಲ್ಲಿ ನಡೆದ ಹಲ್ಲೆಯ ದೃಶ್ಯ ಹೊರಬರಲು ಮಾಹಿತಿ ಹಕ್ಕಿನಡಿ ಹೋರಾಡಬೇಕಾಯಿತು, ಎರಡು ವರ್ಷ ಕಾಯಬೇಕಾಯಿತು. ಆ ದೃಶ್ಯಗಳು ಪೊಲೀಸರ ವಶದಲ್ಲಿರದೆ, ಬೇರೊಂದು ಸ್ವತಂತ್ರ ಸಂಸ್ಥೆಯ ಕೈಯಲ್ಲಿರಬೇಕು.